ಹಟ್ಟಿಯ ಪಕ್ಕಾಸಿನಿಂದ ಬೋನ್ಸಾಯ್ ಬೆಂಚಿನವರೆಗೆ

2022ರ ಜುಲೈ ತಿಂಗಳ ಒಂದು ರಾತ್ರಿ, ಜಡಿಮಳೆಯ ಸದ್ದಿನ ನಡುವೆ ಅಂಗಳದ ಕಡೆಯಿಂದ ಏನೋ ಕುಸಿದ ಶಬ್ದ ಕೇಳಿಸಿತು. ಟಾರ್ಚು ಹಿಡಿದು ಹೋಗಿ ನೋಡಿದರೆ, ಹಿಂದಿನ ವರ್ಷದ ಬೇಸಗೆಯಲ್ಲಿ ಅಡಿಕೆ ಮರ ಸೀಳಿದ ದಬ್ಬೆಗಳಿಂದ ನಾನೇ ಕಟ್ಟಿದ್ದ ಅಟ್ಟಳಿಗೆ ಒಂದು ಬದಿಗೆ ಮಗುಚಿಕೊಂಡಿತ್ತು. ಅದರ ಮೇಲಿದ್ದ, ಮರಗಳನ್ನು ಸವರಿ ಪುಟ್ಟದಾಗಿಯೇ ಬೆಳೆಸುವ ಹನ್ನೊಂದು ಬೋನ್ಸಾಯ್ ಕುಂಡಗಳಲ್ಲಿ ಮೂರು ಒಡೆದಿದ್ದವು. ಹದಿನಾಲ್ಕು ವರ್ಷಗಳ ಹಿಂದೆ ಬಾವಿಕಟ್ಟೆಯ ಬಿರುಕಿನಿಂದ ಬೇರು ಹರಿಯದಂತೆ ಬಿಡಿಸಿ ತಂದು ಸಾಕಿದ್ದ ಗೋಳಿ (ಆಲದ ಜಾತಿಯ) ಗಿಡ ಬೇರು ಮೇಲಾಗಿ ಕೆಸರಿನಲ್ಲಿ ಬಿದ್ದಿತ್ತು. ಅದರ ಬೇರುಗಳಿಗೆ ಒದ್ದೆ ಗೋಣಿ ಸುತ್ತಿ ಬಚ್ಚಲ ಮೂಲೆಯಲ್ಲಿಟ್ಟು ಮಲಗಿದೆನಾದರೂ ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಬೆಳಕು ಹರಿದ ಮೇಲೆ ದಬ್ಬೆಗಳನ್ನು ಒಂದೊಂದಾಗಿ ಎತ್ತಿ ನೋಡಿದಾಗ ತಪ್ಪು ಎಲ್ಲಿ ಆಗಿದೆಯೆಂದು ಅರ್ಥವಾಯಿತು. ಅಡಿಕೆ ಮರದ ಗಟ್ಟಿತನವೆಲ್ಲ ಅದರ ಹೊರಗಿನ ಸುತ್ತಿನಲ್ಲಿರುತ್ತದೆ. ಒಳಗಿನ ತಿರುಳು ನಾರು ನಾರಾಗಿ, ಮೆತ್ತಗೆ, ನೀರು ಕುಡಿಯುವ ಸ್ವಭಾವದ್ದು. ಚಪ್ಪರಕ್ಕೆ, ಬೇಲಿಗೆ, ಒಂದು ಹಂಗಾಮಿನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ನಮ್ಮಲ್ಲಿಲ್ಲ. ಆದರೆ ವರ್ಷವಿಡೀ ಒದ್ದೆ ಕುಂಡಗಳನ್ನು ಹೊರುವ ಕೆಲಸಕ್ಕೆ ಅದನ್ನು ಹಚ್ಚಬಾರದಿತ್ತು. ನಾನು ತಿರುಳಿನ ಬದಿಯನ್ನು ಮೇಲೆ ಮಾಡಿ ದಬ್ಬೆ ಜೋಡಿಸಿದ್ದೆ, ಕಾಲುಗಳನ್ನು ನೇರವಾಗಿ ಮಣ್ಣಿನಲ್ಲಿ ಹೂತಿದ್ದೆ, ಸಾಧಾರಣ ಕಬ್ಬಿಣದ ಮೊಳೆ ಹೊಡೆದಿದ್ದೆ. ತಿರುಳು ತೊಟ್ಟಿಯ ಹಾಗೆ ನೀರು ಹಿಡಿದಿತ್ತು, ಕಾಲಿನ ಬುಡ ಬೆರಳಿಗೆ ಪುಡಿಯಾಗಿ ಬರುತ್ತಿತ್ತು, ಮೊಳೆಗಳು ತುಕ್ಕು ಹಿಡಿದು ಅರ್ಧಕ್ಕೆ ಸವೆದಿದ್ದವು. ಪುತ್ತೂರಿನ ಸುತ್ತಲಿನ ನಮ್ಮ ಸೀಮೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ಅಂಥ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಾನು ಅಟ್ಟಳಿಗೆ ಕಟ್ಟಿದ್ದೆ.

ಕುಂಡಗಳನ್ನು ನೆಲದ ಮೇಲೆಯೇ ಇಡಬಹುದಲ್ಲ ಎಂದು ಮನೆಯಲ್ಲಿ ಕೇಳಿದರು. ಅದನ್ನೂ ಆ ಮಳೆಗಾಲ ಮುಗಿಯುವವರೆಗೆ ಮಾಡಿ ನೋಡಬೇಕಾಯಿತು. ಎರಡು ತಿಂಗಳೊಳಗೆ ಗೋಳಿ, ಅತ್ತಿ, ಅರಳಿ ಗಿಡಗಳು ಕುಂಡದ ತೂತಿನ ಮೂಲಕ ಬೇರು ಇಳಿಸಿ ನೆಲದ ಮಣ್ಣನ್ನು ಹಿಡಿದವು. ಹಾಗೆ ಹಿಡಿದ ಕೂಡಲೇ ಗಿಡ ಬೋನ್ಸಾಯ್ ಆಗಿರುವುದನ್ನು ಬಿಟ್ಟು ಉದ್ದುದ್ದ ಚಿಗುರು ಎಸೆಯತೊಡಗುತ್ತದೆ, ಎಲೆ ದೊಡ್ಡದಾಗುತ್ತದೆ, ವರ್ಷಗಟ್ಟಲೆ ಸವರಿ ತಂದ ಸಣ್ಣ ಕವಲುಗಳು ಸೊರಗುತ್ತವೆ. ಬಸವನಹುಳುಗಳು ರಾತ್ರಿ ಸಲೀಸಾಗಿ ಹತ್ತಿ ಬಂದು ಚಿಗುರು ತಿಂದವು. ಮಳೆಹನಿ ನೆಲಕ್ಕೆ ಬಡಿದು ಎರಚಿದ ಕೆಂಪು ಮಣ್ಣು ಕೆಳಗಿನ ಎಲೆಗಳ ಮೇಲೆ ಕೂತು, ಆ ಎಲೆಗಳಲ್ಲೇ ಮೊದಲು ಕಪ್ಪು ಚುಕ್ಕೆ ಕಾಣಿಸಿಕೊಂಡಿತು. ಗಿಡವನ್ನು ನೆಲದಿಂದ ಮೇಲೆತ್ತುವುದು ಅಲಂಕಾರಕ್ಕಷ್ಟೇ ಅಲ್ಲ, ಗಿಡ ಸಾಕುವ ಕೆಲಸದ ಒಂದು ಭಾಗವೇ ಎಂದು ಆ ಎರಡು ತಿಂಗಳು ನನಗೆ ಕಲಿಸಿದವು.

ಅಲಂಕಾರದ ಮಾತೂ ಸುಳ್ಳಲ್ಲ. ಕೆಲವು ವರ್ಷಗಳ ಹಿಂದೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಹೋಗಿದ್ದಾಗ, ಒಂದು ಮರದ ಮುಂದೆ ಮಂಡಿ ಬಗ್ಗಿಸಿ, ಕಣ್ಣನ್ನು ಕಾಂಡದ ಮಟ್ಟಕ್ಕೆ ತಂದು ನೋಡಿದ್ದೆ. ನಿಂತು ನೋಡುವಾಗ ಕುಂಡದಲ್ಲಿರುವ ಪೊದೆಯಂತೆ ಕಂಡದ್ದು, ಬಗ್ಗಿದ ಮರುಕ್ಷಣ ಊರ ಗಡಿಯಲ್ಲಿ ನಿಂತ ಹಳೆಯ ಮರವಾಗಿ ಕಂಡಿತು. ನಾವು ದೊಡ್ಡ ಮರಗಳನ್ನು ಯಾವಾಗಲೂ ಕೆಳಗಿನಿಂದ ನೋಡಿ ಅಭ್ಯಾಸವಾದವರು. ಪುಟ್ಟ ಮರವೂ ನಮಗೆ ಮರವಾಗಿ ತೋರಬೇಕಾದರೆ ಅದರ ಕಾಂಡದ ನಡುಭಾಗ ನಮ್ಮ ಕಣ್ಣಿನ ಎತ್ತರಕ್ಕೆ ಸಮೀಪದಲ್ಲಿರಬೇಕು. ಅಂದಿನಿಂದ ನನ್ನ ಗಿಡಗಳನ್ನು ಮೇಲಿನಿಂದ ಕೆಳಕ್ಕೆ ನೋಡುವಾಗಲೆಲ್ಲ ಅವುಗಳಿಗೆ ಅನ್ಯಾಯ ಮಾಡುತ್ತಿದ್ದೇನೆ ಎಂದು ಅನಿಸುತ್ತಿತ್ತು.

2023ರ ಜನವರಿಯಲ್ಲಿ ಕೆಲಸಕ್ಕೆ ಕೈಹಾಕಿದೆ. ಮೊದಲು ಮನಸ್ಸಿನಲ್ಲಿದ್ದದ್ದು ಮೆಟ್ಟಿಲು ಮೆಟ್ಟಿಲಾದ ಮೂರು ಸಾಲಿನ ಬೆಂಚು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಂಥ ಕಡೆ ಕುಂಡಗಳನ್ನು ಹಂತ ಹಂತವಾಗಿ ಜೋಡಿಸಿದ್ದನ್ನು ನೋಡಿ ನನಗೆ ಆ ಆಸೆ ಹುಟ್ಟಿತ್ತು. ಆದರೆ ಹತ್ತು ದಿನ ಗಿಡ ಇಡುವ ಜಾಗಕ್ಕೂ ವರ್ಷವಿಡೀ ಗಿಡ ಬದುಕುವ ಜಾಗಕ್ಕೂ ವ್ಯತ್ಯಾಸವಿದೆ. ಮೇಲಿನ ಹಂತದ ಕುಂಡದಿಂದ ಸೋರಿದ ಗೊಬ್ಬರದ ನೀರು ಕೆಳಗಿನ ಗಿಡದ ಮೇಲೆ ಬೀಳುತ್ತದೆ, ಹಿಂದಿನ ಸಾಲಿನ ಗಿಡಕ್ಕೆ ಕೈ ಚಾಚಿದರೆ ಮುಂದಿನ ಸಾಲಿನ ಚಿಗುರು ಮುರಿಯುತ್ತದೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಬಿಸಿಲು ಎಲ್ಲ ಬದಿಗೂ ಸಮನಾಗಿ ಸಿಗಲೆಂದು ಹದಿನೈದು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುವ ನನಗೆ, ಪ್ರತಿ ಗಿಡದ ಸುತ್ತಲೂ ಕೈಯಾಡಿಸಲು ಎಡೆ ಬೇಕೇ ಬೇಕು. ಆದ್ದರಿಂದ ಮೆಟ್ಟಿಲಿನ ಯೋಚನೆ ಬಿಟ್ಟು, ಏಳು ಅಡಿ ಉದ್ದ, ಇಪ್ಪತ್ತು ಅಂಗುಲ ಅಗಲದ ಎರಡು ಒಂಟಿ ಸಾಲಿನ ಬೆಂಚುಗಳನ್ನೂ, ಗೋಳಿ ಗಿಡವೊಂದಕ್ಕೇ ಬೇರೆಯಾಗಿ ಒಂಟಿ ಕಂಬದ ಪೀಠವನ್ನೂ ಮಾಡಿಸುವುದೆಂದು ನಿಶ್ಚಯಿಸಿದೆ.

ಎತ್ತರವನ್ನು ಕಾಗದದ ಮೇಲೆ ನಿರ್ಧರಿಸಲಿಲ್ಲ. ಅಂಗಳದಲ್ಲಿ ಮುರಕಲ್ಲುಗಳನ್ನು (ಕೆಂಪು ಜಂಬಿಟ್ಟಿಗೆ ಕಲ್ಲುಗಳನ್ನು) ಒಂದರ ಮೇಲೊಂದು ಪೇರಿಸಿ, ಮೇಲೆ ಒಂದು ಹಲಗೆ ಹಾಕಿ, ಗಿಡಗಳನ್ನಿಟ್ಟು ಒಂದು ವಾರ ಹಾಗೇ ಬಿಟ್ಟೆ. ಬೆಳಗ್ಗೆ ನೀರು ಹಾಕುವಾಗ, ಸಂಜೆ ಕುರ್ಚಿ ಹಾಕಿ ಕೂತಾಗ, ಕತ್ತರಿ ಹಿಡಿದು ಸವರುವಾಗ ಬೆನ್ನು ಏನು ಹೇಳುತ್ತದೆ, ಕಣ್ಣು ಏನು ಹೇಳುತ್ತದೆ ಎಂದು ನೋಡಿ ಕಲ್ಲು ತೆಗೆಯುತ್ತ, ಸೇರಿಸುತ್ತ ಹೋದೆ. ಒಂದೂವರೆ ಅಡಿಯಿಂದ ಎರಡು ಅಡಿಯವರೆಗಿನ ಗಿಡಗಳಿಗೆ ಮೂವತ್ತನಾಲ್ಕು ಅಂಗುಲ, ಗೇಣುದ್ದದ ಸಣ್ಣ ಗಿಡಗಳಿಗೆ ನಲವತ್ತು ಅಂಗುಲ ಎತ್ತರ ಸರಿಯೆನಿಸಿತು. ಬೇರೆಯವರಿಗೆ ಈ ಅಳತೆ ಹೊಂದಲಾರದು. ಕಲ್ಲು ಪೇರಿಸಿ ನೋಡುವ ಕ್ರಮವನ್ನು ಮಾತ್ರ ಯಾರು ಕೇಳಿದರೂ ನಾನು ಹೇಳುತ್ತೇನೆ.

ಜಾಗ ಆರಿಸುವಾಗಲೂ ಆ ವಾರ ಉಪಯೋಗಕ್ಕೆ ಬಂತು. ಮನೆಯ ಪೂರ್ವಕ್ಕಿರುವ ಅಂಗಳದಲ್ಲಿ ಬೆಳಗಿನ ಬಿಸಿಲು ಮಧ್ಯಾಹ್ನ ಹನ್ನೆರಡೂವರೆಯವರೆಗೆ ಇರುತ್ತದೆ, ಬಳಿಕ ಮನೆಯ ನೆರಳು ಬೀಳುತ್ತದೆ. ನಮ್ಮ ಮಾರ್ಚ್, ಏಪ್ರಿಲ್ ತಿಂಗಳ ಪಡುಬಿಸಿಲು ಆಳವಿಲ್ಲದ ಕುಂಡದ ಬದಿಗೆ ನೇರವಾಗಿ ಹೊಡೆದರೆ ಒಳಗಿನ ಮಣ್ಣು ಕಾದು, ಕುಂಡದ ಅಂಚಿನಲ್ಲಿರುವ ಎಳೆಯ ಬೇರುಗಳು ಸಾಯುತ್ತವೆ. ಮಳೆ ಬೇಕಾದ ಗೋಳಿ, ಅತ್ತಿ, ಹುಣಸೆಗಳ ಬೆಂಚನ್ನು ಬಯಲಿನಲ್ಲಿಟ್ಟು, ಜೇಡ್ ಮತ್ತು ಅಡೀನಿಯಂ ಗಿಡಗಳ ಬೆಂಚನ್ನು ಮಾಡಿನ ಇಳುಕಲಿಗೆ ಜೋಡಿಸಿದ ಪಾರದರ್ಶಕ ಫೈಬರ್ ಶೀಟಿನ ಕೆಳಗೆ ಇಡುವುದೆಂದಾಯಿತು. ಈ ಎರಡು ಗಿಡಗಳ ಮೂಲ ಒಣಭೂಮಿ. ಅವುಗಳನ್ನು ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಒಡ್ಡಿದರೆ ಬುಡ ಕೊಳೆತು ಹೋಗುತ್ತದೆ.

ಇನ್ನು ಮರ. ಪೇಟೆಯ ಮರದ ಅಂಗಡಿಯಲ್ಲಿ ರಬ್ಬರ್ ಮರ ತೀರಾ ಅಗ್ಗಕ್ಕಿತ್ತು, ಆದರೆ ಹೊರಗಿಟ್ಟ ರಬ್ಬರ್ ಮರಕ್ಕೆ ಹುಳ ಮತ್ತು ಕೊಳೆ ಎರಡೂ ಬೇಗ ಹತ್ತುತ್ತವೆ. ಅಕೇಶಿಯಾ ಪರವಾಗಿಲ್ಲ, ಆದರೆ ಸಿಕ್ಕಿದ್ದೆಲ್ಲ ಹಸಿಮರ. ಸಾಗುವಾನಿಯ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಹೀಗೆ ಯೋಚಿಸುತ್ತಿರುವಾಗ, ಅಜ್ಜನ ಕಾಲದ ಹಟ್ಟಿಯ, ಅಂದರೆ ದನದ ಕೊಟ್ಟಿಗೆಯ, ಮಾಡನ್ನು ಇಳಿಸಿ ಶೀಟು ಹಾಕಿಸಿದಾಗ ತೆಗೆದಿಟ್ಟ ಪಕ್ಕಾಸುಗಳು (ಮಾಡು ಹೊರುವ ಓರೆ ತೊಲೆಗಳು) ಸೌದೆ ಕೊಟ್ಟಿಗೆಯ ಅಟ್ಟದಲ್ಲಿರುವುದು ನೆನಪಾಯಿತು. ಹಂಚಿನ ಮಾಡಿನ ಭಾರವನ್ನು ಅರವತ್ತು ವರ್ಷ ಹೊತ್ತ ಮರ ಅದು. ನಮ್ಮ ಮನೆಗೆ ಹಿಂದಿನಿಂದಲೂ ಬರುವ ಬಡಗಿ ಆಚಾರ್ರನ್ನು ಕರೆಸಿದೆ. ಅವರು ಒಂದೊಂದು ಪಕ್ಕಾಸನ್ನೂ ಉಳಿಯ ಹಿಡಿಯಿಂದ ತಟ್ಟಿ ಸದ್ದು ಕೇಳಿದರು. ಟಣ್ ಎಂದದ್ದನ್ನು ಒಂದು ಕಡೆ, ಬೊದ್ ಎಂದದ್ದನ್ನು ಇನ್ನೊಂದು ಕಡೆ ಹಾಕಿದರು. ಹೊಗೆ ಹಿಡಿದು ಕಪ್ಪಾಗಿದ್ದ ಒಂದು ಪಕ್ಕಾಸಿನ ಮೇಲೆ ಕೀಸುಳಿಯನ್ನು ಎರಡು ಸಲ ಎಳೆದಾಗ, ಒಳಗಿನಿಂದ ಅರಸಿನದ ಛಾಯೆಯ ಹೊನ್ನಿನ ಬಣ್ಣದ ಮರ ಹೊರಬಂದಿತು.

"ಇದು ಹೆಬ್ಬಲಸು ಅಕ್ಕಾ. ಇದರಲ್ಲಿ ದೋಣಿ ಮಾಡ್ತಿದ್ರು. ಇದನ್ನು ಬಚ್ಚಲೊಲೆಗೆ ಹಾಕದೆ ಇಟ್ಟದ್ದು ನಿಮ್ಮ ಪುಣ್ಯ" ಎಂದರು.

ಹದಿನಾಲ್ಕು ಪಕ್ಕಾಸುಗಳಲ್ಲಿ ಒಂಬತ್ತು ಹೆಬ್ಬಲಸು, ಎರಡು ಕಿರಾಲುಬೋಗಿ. ಉಳಿದ ಮೂರನ್ನು ಗೆದ್ದಲು ಒಳಗೊಳಗೇ ತಿಂದಿತ್ತು. ಕಿರಾಲುಬೋಗಿಯ ತೂಕ ಮತ್ತು ಗಟ್ಟಿತನ ಎಷ್ಟೆಂದರೆ ಅದಕ್ಕೆ ಮೊಳೆ ಹೊಡೆಯುವ ಮಾತೇ ಇಲ್ಲ. ಅದನ್ನು ಗೋಳಿಯ ಪೀಠದ ಕಂಬಕ್ಕೆಂದು ಆಚಾರ್ರು ಆಗಲೇ ಬದಿಗಿಟ್ಟರು.

ಹಳೆಯ ಮರದಲ್ಲಿ ಒಂದು ದೊಡ್ಡ ತೊಡಕು ಮೊಳೆ. ಹಂಚು ಕೂರುವ ರೀಪುಗಳನ್ನು ಕೂರಿಸಲು ಹೊಡೆದ ಮೊಳೆಗಳ ತಲೆ ಮುರಿದು, ತುಂಡು ಒಳಗೇ ಉಳಿದಿರುತ್ತದೆ. ಮಿಲ್ಲಿನಲ್ಲಿ ಸೀಳುವಾಗ ಗರಗಸದ ಪಟ್ಟಿಗೆ ಅದು ತಾಗಿದರೆ ಹಲ್ಲು ಹಾರುತ್ತದೆ, ಕೆಲಸದವರಿಗೂ ಅಪಾಯ. ಕೆಟ್ಟುಹೋದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಪಕ್ಕಾಸಿನ ಉದ್ದಕ್ಕೂ ಇಳಿಬಿಟ್ಟುಕೊಂಡು ಹೋದೆ. ಅದು ಎಲ್ಲಿ ಓಲಾಡಿ ಮರದ ಕಡೆಗೆ ಬಾಗುತ್ತಿತ್ತೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಹನ್ನೊಂದು ಪಕ್ಕಾಸುಗಳಿಂದ ನೂರ ಮೂವತ್ತಕ್ಕಿಂತ ಹೆಚ್ಚು ಮೊಳೆ ಮತ್ತು ಮೊಳೆಯ ತುಂಡುಗಳನ್ನು ಕೀಳಲು ಎರಡು ದಿನ ಹಿಡಿಯಿತು. ಆ ಎರಡು ದಿನ ಹೋಗಲಿ ಎಂದು ಬಿಟ್ಟಿದ್ದರೆ ಮಿಲ್ಲಿನವರು ಮರವನ್ನು ಮುಟ್ಟುತ್ತಲೇ ಇರಲಿಲ್ಲ.

ಮರ ಸೀಳಿಸುವ ಮೊದಲು ಭಾರದ ಲೆಕ್ಕ ಹಾಕಿದೆ. ಗೋಳಿಯ ಕುಂಡ ಅರವತ್ತು ಸೆಂಟಿಮೀಟರ್ ಉದ್ದ, ನಲವತ್ತು ಅಗಲ, ಹತ್ತು ಆಳ. ಅಂದರೆ ಇಪ್ಪತ್ತನಾಲ್ಕು ಲೀಟರ್ ಮಣ್ಣು. ಹಂಚಿನ ಚೂರು, ದಪ್ಪ ಮರಳು, ಎರೆಗೊಬ್ಬರ ಸೇರಿದ ನನ್ನ ಮಿಶ್ರಣ ಪೂರ್ತಿ ನೆನೆದಾಗ ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆಂದು ತಕ್ಕಡಿಯಲ್ಲಿಟ್ಟು ನೋಡಿದೆ. ಮೂವತ್ತಾರು ಕಿಲೋ ಮಣ್ಣು, ಮೇಲೆ ಕುಂಡ, ಮೇಲೆ ಗಿಡ. ಒಟ್ಟು ಐವತ್ತು ಕಿಲೋ ದಾಟುತ್ತದೆ. ಬೆಂಚಿನ ಮೇಲಿನ ಗಿಡಗಳು ಇದಕ್ಕಿಂತ ಸಣ್ಣವಾದರೂ ಐದು ಸೇರಿದರೆ ನೂರೈವತ್ತು ಕಿಲೋ ಆಗುತ್ತದೆ. ಅದರ ಜೊತೆಗೆ ಯಾರಾದರೂ ಕೈಯೂರಿ ನಿಲ್ಲುವ ಭಾರವನ್ನೂ ಸೇರಿಸಿಕೊಳ್ಳಬೇಕು.

ಬೆಂಚಿನ ಉದ್ದಕ್ಕೆ ಹೋಗುವ ಎರಡು ತೊಲೆಗಳನ್ನು ಎರಡೂವರೆಗೆ ನಾಲ್ಕು ಅಂಗುಲದ ಅಳತೆಗೆ ಸೀಳಿಸಿ, ನಾಲ್ಕು ಅಂಗುಲದ ಬದಿಯನ್ನು ನಿಲ್ಲಿಸಿ ಕೂರಿಸಿದೆವು. ಅದೇ ಮರವನ್ನು ಮಲಗಿಸಿ ಹಾಕಿದರೆ ಅದರ ಬಿಗುವು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ. ಕಾಲುಗಳನ್ನು ತೀರಾ ತುದಿಗೆ ಕೊಡದೆ ಎರಡೂ ತುದಿಗಳಿಂದ ಒಂದೂವರೆ ಅಡಿ ಒಳಗೆ ತಂದೆವು. ಹೀಗೆ ಮಾಡಿದಾಗ ನಡುವಿನ ಭಾರ ತೊಲೆಯನ್ನು ಕೆಳಕ್ಕೆ ಜಗ್ಗಿದರೆ, ಹೊರಚಾಚಿದ ತುದಿಗಳ ಭಾರ ನಡುವನ್ನು ಮೇಲಕ್ಕೆತ್ತುತ್ತದೆ; ತೊಲೆ ಜೋತು ಬೀಳುವುದು ಬಹಳ ಕಡಿಮೆಯಾಗುತ್ತದೆ. ತುದಿಯಲ್ಲಿ ಭಾರದ ಕುಂಡವನ್ನು ಮಾತ್ರ ಇಡಬಾರದು.

ಕೂಡಿಸುವ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಆಚಾರ್ರ ಪಕ್ಕದಲ್ಲೇ ಕೂತಿದ್ದೆ. ಕಾಲುಗಳ ನಡುವಿನ ಅಡ್ಡಪಟ್ಟಿಯ ತುದಿಯನ್ನು ಅವರು ಮುಕ್ಕಾಲು ಅಂಗುಲ ದಪ್ಪದ ನಾಲಿಗೆಯಾಗಿ ಕೆತ್ತಿದರು, ಕಾಲಿನಲ್ಲಿ ಅದಕ್ಕೆ ತಕ್ಕ ತೂತನ್ನು ಉಳಿಯಿಂದ ತೋಡಿದರು. ನಾಲಿಗೆ ತೂತಿನೊಳಗೆ ಕೊಡತಿಯ ಮೂರನೆಯ ಏಟಿಗೆ ಹೋಗಿ ಕೂರಬೇಕು; ಒಂದೇ ಏಟಿಗೆ ಹೋದರೆ ಸಡಿಲ, ಐದು ಏಟು ಬೇಕಾದರೆ ಕಾಲು ಸೀಳುತ್ತದೆ ಎಂಬುದು ಅವರ ಲೆಕ್ಕ. ಮೊದಲ ಜೋಡಣೆ ಕೂತ ಮೇಲೆ ಅವರು ಅದನ್ನು ಮತ್ತೆ ಬಿಚ್ಚಿ, ತೂತಿನ ತಳದಲ್ಲಿ ಪೆನ್ಸಿಲಿನಷ್ಟು ದಪ್ಪದ ಇನ್ನೊಂದು ಸಣ್ಣ ತೂತನ್ನು ಹೊರಕ್ಕೆ ಇಳಿಜಾರಾಗಿ ಕೊರೆದರು. ಏಕೆಂದು ಕೇಳಿದೆ.

"ಎಷ್ಟು ಬಿಗಿಯಾಗಿ ಕೂಡಿಸಿದರೂ ನಿಮ್ಮ ಮಳೆ ಒಳಗೆ ಹೋಗ್ತದೆ. ಹೋದ ನೀರಿಗೆ ಹೊರಗೆ ಬರ್ಲಿಕ್ಕೆ ದಾರಿ ಬೇಡವಾ? ನಿಮ್ಮ ಕುಂಡದ ಅಡಿಗೆ ತೂತು ಇಲ್ಲವಾ ಅಕ್ಕಾ, ಹಾಗೇ."

ಹದಿನಾಲ್ಕು ವರ್ಷ ಕುಂಡಗಳ ತಳದ ತೂತಿನ ಬಗ್ಗೆ ಅಷ್ಟೊಂದು ಜಾಗ್ರತೆ ವಹಿಸಿದ ನನಗೆ, ಕುಂಡ ಕೂರುವ ಮರಕ್ಕೂ ಅದೇ ಬೇಕೆಂದು ಹೊಳೆದಿರಲಿಲ್ಲ. ಅಲ್ಲಿಂದ ಮುಂದೆ ಬೆಂಚಿನ ಪ್ರತಿಯೊಂದು ಕೂಡಿಕೆಯ ಮುಂದೆ ಕೂತಾಗಲೂ ನೀರು ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ ಎಂದು ಬೆರಳಿನಿಂದ ದಾರಿ ಎಳೆದು ನೋಡತೊಡಗಿದೆ. ಮೇಲಿನ ಪಟ್ಟಿಗಳನ್ನು ಎರಡೂವರೆ ಅಂಗುಲ ಅಗಲ, ಒಂದೂಕಾಲು ಅಂಗುಲ ದಪ್ಪಕ್ಕೆ ಸೀಳಿಸಿ, ನಡುನಡುವೆ ಅರ್ಧ ಅಂಗುಲ ಎಡೆ ಬಿಟ್ಟೆವು. ಅರ್ಧ ಅಂಗುಲದಲ್ಲಿ ನೀರು ಇಳಿಯುತ್ತದೆ, ಗಾಳಿಯಾಡುತ್ತದೆ, ಬಿದ್ದ ಎಲೆಯನ್ನು ಕಡ್ಡಿಯಿಂದ ಕೆಳಕ್ಕೆ ತಳ್ಳಬಹುದು, ಸಣ್ಣ ಕುಂಡದ ಕಾಲು ಸಿಕ್ಕಿಕೊಳ್ಳುವುದಿಲ್ಲ. ಪಟ್ಟಿಯ ಮೇಲಂಚುಗಳನ್ನು ಕೀಸುಳಿಯಿಂದ ಸ್ವಲ್ಪ ಓರೆ ಮಾಡಿದರು. ಚೂಪಾದ ಅಂಚಿನಲ್ಲಿ ಹನಿ ತಡೆದು ನಿಲ್ಲುತ್ತದೆ, ಓರೆಯಾದ ಅಂಚಿನಲ್ಲಿ ಜಾರುತ್ತದೆ. ಪಟ್ಟಿ ತೊಲೆಗೆ ತಾಗುವ ಜಾಗ ಯಾವಾಗಲೂ ಒದ್ದೆ ಉಳಿಯುವ ಜಾಗವಾದ್ದರಿಂದ ತೊಲೆಯ ಮೇಲ್ಮೈಯನ್ನೂ ಸಮತಟ್ಟಾಗಿ ಬಿಡದೆ ನಡು ಉಬ್ಬಿದಂತೆ ಕೆತ್ತಿದರು. ಹಾಗಿದ್ದರೂ ಬೆಂಚಿನ ಒಟ್ಟು ಮಟ್ಟವನ್ನು ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ಸರಿಯಾಗಿಯೇ ಇರಿಸಿದೆವು, ಏಕೆಂದರೆ ಬೆಂಚು ವಾಲಿದರೆ ಆಳವಿಲ್ಲದ ಕುಂಡದಲ್ಲಿ ಒಂದು ಬದಿಯ ಮಣ್ಣು ಸದಾ ಒದ್ದೆ, ಇನ್ನೊಂದು ಬದಿ ಸದಾ ಒಣ.

ಪಟ್ಟಿಗಳನ್ನು ಕೂರಿಸಲು ಕಬ್ಬಿಣದ ಮೊಳೆ ಬೇಡವೆಂದು ನಾನು ಹಟ ಹಿಡಿದೆ. ಹೆಬ್ಬಲಸಿನಂಥ ಮರದ ಒಗರು ಒದ್ದೆಯಾದಾಗ ಕಬ್ಬಿಣದೊಂದಿಗೆ ಸೇರಿ ಮಸಿಯಂಥ ಕಪ್ಪು ಕಲೆ ಮಾಡುತ್ತದೆ, ತುಕ್ಕು ಹಿಡಿದ ಮೊಳೆಯ ಸುತ್ತಲಿನ ಮರ ಮೆತ್ತಗಾಗುತ್ತದೆ. ಸ್ಟೈನ್‌ಲೆಸ್ ಸ್ಟೀಲಿನ ಎರಡೂವರೆ ಅಂಗುಲದ ಸ್ಕ್ರೂಗಳನ್ನು ತರಿಸಿ, ಪ್ರತಿಯೊಂದಕ್ಕೂ ಮೊದಲೇ ಡ್ರಿಲ್ಲಿನಿಂದ ತೂತು ಕೊರೆದು ತಿರುಗಿಸಿದೆವು. ಮುಂದೊಂದು ದಿನ ಒಂದು ಪಟ್ಟಿ ಹಾಳಾದರೆ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದೆಂಬುದೂ ನನ್ನ ಮನಸ್ಸಿನಲ್ಲಿತ್ತು. ಈ ಸ್ಕ್ರೂಗಳಿಗೇ ಎರಡು ಸಾವಿರ ರೂಪಾಯಿಯ ಮೇಲೆ ಖರ್ಚಾಯಿತು. ಆಚಾರ್ರ ಏಳು ದಿನದ ಸಂಬಳ, ಮಿಲ್ಲಿನ ಸೀಳುಗೂಲಿ, ಕಲ್ಲು, ಎಣ್ಣೆ ಎಲ್ಲ ಸೇರಿ ಹದಿನೈದು ಸಾವಿರದೊಳಗೆ ಮುಗಿದ ಈ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ ಎಂದು ಇಂದಿಗೂ ನಂಬಿದ್ದೇನೆ.

ಮರಕ್ಕೆ ಬಳಿಯಲು ನಮ್ಮ ಕರಾವಳಿಯವರ ಹಳೆಯ ಪದಾರ್ಥ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಕಪ್ಪು, ಮಂದ ಎಣ್ಣೆಯನ್ನು ದೋಣಿಗೂ ಪಕ್ಕಾಸಿಗೂ ಬಳಿಯುತ್ತಿದ್ದರು. ಗೆದ್ದಲು, ಹುಳ, ನೀರು ಮೂರಕ್ಕೂ ಅದು ತಡೆ. ಬೆಂಚಿನ ಕಾಲು, ತೊಲೆ, ಅಡಿಭಾಗಕ್ಕೆ ಗೇರೆಣ್ಣೆ, ಕೈ ಮತ್ತು ಕುಂಡ ತಾಗುವ ಮೇಲಿನ ಪಟ್ಟಿಗಳಿಗೆ ಕಾಸಿದ ಅಗಸೆ ಎಣ್ಣೆ ಎಂದು ಹಂಚಿಕೊಂಡೆ. ಗೇರೆಣ್ಣೆ ಚರ್ಮವನ್ನು ಸುಡುತ್ತದೆಂದು ತಿಳಿದಿದ್ದೂ ಕೈಗವಸಿನ ಮೇಲೆ ತೋಳು ಮುಚ್ಚುವ ಅಂಗಿ ಹಾಕಿಕೊಳ್ಳದೆ ಕೂತದ್ದು ನನ್ನ ತಪ್ಪು. ಬಟ್ಟೆ ಸುತ್ತಿದ ಕೋಲಿನಿಂದ ತೊಲೆಯ ಅಡಿಗೆ ಬಳಿಯುವಾಗ ಎಣ್ಣೆ ಇಳಿದು ಮಣಿಕಟ್ಟಿನ ಮೇಲೆ ಹರಿಯಿತು. ಒಡನೆಯೇ ತೊಳೆದರೂ ಎರಡನೆಯ ದಿನ ನೀರುಗುಳ್ಳೆಗಳೆದ್ದು, ಮೂರು ವಾರ ಔಷಧಿ ಹಚ್ಚಬೇಕಾಯಿತು. ಗೇರೆಣ್ಣೆ ಬಳಿಯುವವರು ಮೊಣಕೈವರೆಗಿನ ಕೈಗವಸನ್ನೂ ಕಣ್ಣಿಗೆ ಕನ್ನಡಕವನ್ನೂ ಹಾಕಿಕೊಳ್ಳದೆ ಡಬ್ಬಿಯ ಮುಚ್ಚಳ ತೆರೆಯಬಾರದು. ಎಣ್ಣೆ ಒಣಗುವುದಕ್ಕೂ ತಾಳ್ಮೆ ಬೇಕು; ಬೆರಳಿಗೆ ಅಂಟದ ಹದಕ್ಕೆ ಬರಲು ಏಪ್ರಿಲ್ ಬಿಸಿಲಿನಲ್ಲೂ ನಾಲ್ಕು ವಾರ ಬೇಕಾಯಿತು. ಅದಕ್ಕೆ ಮೊದಲು ಒಂದು ಕುಂಡವನ್ನೂ ಮೇಲಿಡಲಿಲ್ಲ.

ಕಾಲುಗಳು ಮಣ್ಣನ್ನು ಮುಟ್ಟಬಾರದೆಂಬುದು ಅಡಿಕೆ ದಬ್ಬೆಯಿಂದಲೇ ಕಲಿತ ಪಾಠ. ಪ್ರತಿ ಕಾಲಿನ ಕೆಳಗೆ ಮುರಕಲ್ಲು ಹಾಕಿದೆವು. ಆದರೆ ಮುರಕಲ್ಲಿನ ಮೈತುಂಬ ತೂತುಗಳು. ಮಳೆಗಾಲದಲ್ಲಿ ಅದು ನೆಲದ ತೇವವನ್ನು ಹೀರಿ ಮೇಲಕ್ಕೆ ತರುತ್ತದೆ. ಮರವನ್ನು ಅದರ ಮೇಲೆ ನೇರವಾಗಿ ನಿಲ್ಲಿಸಿದರೆ ಮಣ್ಣಿನಲ್ಲಿ ಹೂತದ್ದಕ್ಕಿಂತ ಹೆಚ್ಚು ವ್ಯತ್ಯಾಸವಾಗದು. ಅದಕ್ಕಾಗಿ ಕಲ್ಲಿನ ಮೇಲೆ ಅಂಗೈಯಗಲದ ಕಡಪ ಕಲ್ಲಿನ ಬಿಲ್ಲೆ ಕೂರಿಸಿ, ಅದರ ಮೇಲೆ ಕಾಲು ನಿಲ್ಲಿಸಿದೆವು. ಕಾಲಿನ ಅಡಿಯ ಕತ್ತರಿಸಿದ ಮೈಯಿಂದಲೇ ಮರ ಅತಿ ಹೆಚ್ಚು ನೀರು ಕುಡಿಯುವುದರಿಂದ, ನಿಲ್ಲಿಸುವ ಮೊದಲು ಪ್ರತಿ ಕಾಲನ್ನೂ ಗೇರೆಣ್ಣೆಯ ಡಬ್ಬಿಯಲ್ಲಿ ಒಂದು ರಾತ್ರಿ ಅದ್ದಿ ಇಟ್ಟಿದ್ದೆ. ಹೀಗೆ ಮರಕ್ಕೂ ನೆಲಕ್ಕೂ ನಡುವೆ ಎಂಟು ಅಂಗುಲ ಅಂತರ ಉಳಿದದ್ದರಿಂದ ಗೆದ್ದಲು ಮೇಲೇರಬೇಕಾದರೆ ಕಲ್ಲಿನ ಹೊರಮೈಯಲ್ಲಿ ಮಣ್ಣಿನ ದಾರಿ ಕಟ್ಟಿಕೊಂಡೇ ಬರಬೇಕು. ಆ ದಾರಿ ಕಣ್ಣಿಗೆ ಬೀಳುತ್ತದೆ.

ಗೋಳಿಯ ಪೀಠಕ್ಕೆ ಅಪ್ಪ ಬೇಲಿ ಗೂಟಗಳಿಗೆ ಮಾಡುತ್ತಿದ್ದುದನ್ನೇ ಮಾಡಿದೆ. ಅದೊಂದನ್ನು ಮಾತ್ರ ನೆಲದಲ್ಲಿ ಹೂಳಲೇಬೇಕಿತ್ತು. ಕಿರಾಲುಬೋಗಿಯ ಕಂಬದ ಬುಡದ ಎರಡು ಅಡಿಯನ್ನು ತೆಂಗಿನ ಮಡಲಿನ ಬೆಂಕಿಯಲ್ಲಿ ತಿರುಗಿಸುತ್ತ, ಹೊರಮೈ ಇದ್ದಿಲಾಗುವವರೆಗೆ ಸುಟ್ಟು, ಆರಿದ ಮೇಲೆ ಗೇರೆಣ್ಣೆ ಕುಡಿಸಿ, ಗುಂಡಿಯ ತಳದಲ್ಲಿ ಜಲ್ಲಿ ತುಂಬಿ ನಿಲ್ಲಿಸಿದೆವು. ಮೇಲೆ ಎರಡು ಅಡಿ ಚೌಕದ ಪಟ್ಟಿಯ ಹಾಸು. ಜಪಾನಿನ ತೋಟಗಳಲ್ಲಿ ಒಳ್ಳೆಯ ಮರವನ್ನು ಹೀಗೆ ಒಂಟಿ ಕಂಬದ ಮೇಲೆ ಪ್ರತ್ಯೇಕವಾಗಿ ನಿಲ್ಲಿಸಿರುವ ಚಿತ್ರಗಳನ್ನು ನೋಡಿದ್ದೆ. 1923ರ ಮಹಾಭೂಕಂಪದ ನಂತರ ಟೋಕಿಯೊದ ಬೋನ್ಸಾಯ್ ಬೆಳೆಗಾರರು ಗಾಳಿ, ನೀರು, ವಿಶಾಲ ಜಾಗ ಹುಡುಕಿಕೊಂಡು ಓಮಿಯಾಕ್ಕೆ ಹೋಗಿ, 1925ರಲ್ಲಿ ಅಲ್ಲಿ ಬೋನ್ಸಾಯ್ ಹಳ್ಳಿಯನ್ನೇ ಕಟ್ಟಿದರು. ಇಲ್ಲಿ ನನ್ನ ಅಂಗಳದಲ್ಲಿ ಗೋಳಿಗೂ ಬೇಕಾಗಿದ್ದದ್ದು ಸುತ್ತಲೂ ಗಾಳಿಯಾಡುವ ಅದೇ ಎಡೆ. ಸುತ್ತಲಿನಿಂದಲೂ ನೋಡಬಹುದಾದ್ದರಿಂದ ಆ ಗಿಡದ ಹಿಂಬದಿಯ ಒಂದು ಕವಲು ಎಷ್ಟು ಚೆನ್ನಾಗಿದೆಯೆಂದು ನಾನು ಮೊದಲ ಬಾರಿ ಕಂಡದ್ದೂ ಆಗಲೇ.

ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಪತ್ತನಾಜೆಗೆ ಮೂರು ದಿನವಿರುವಾಗ ಕುಂಡಗಳನ್ನು ಮೇಲೇರಿಸಿದೆವು. ಗೋಳಿಯನ್ನು ನಾನು, ತಮ್ಮ, ಆಚಾರ್ರು ಮೂವರು ಸೇರಿ ಎತ್ತಿದೆವು. ಕುಂಡವನ್ನು ತಾಮ್ರದ ತಂತಿಯಿಂದ ಪಟ್ಟಿಗೆ ಬಿಗಿದು, ಬೆಕ್ಕು ಹಾರಿದರೂ ಮಂಗ ಬಂದರೂ ಬೀಳದಂತೆ ಮಾಡಿದೆ. ಜೂನಿನಲ್ಲಿ ಮೊದಲ ದೊಡ್ಡ ಮಳೆ ಹೊಡೆದ ದಿನ ಕೊಡೆ ಹಿಡಿದು ಬೆಂಚಿನ ಅಡಿಗೆ ಬಗ್ಗಿ ಕೂತೆ. ಪಟ್ಟಿಗಳ ಎಡೆಯಿಂದ ನೀರು ಪರದೆಯಂತೆ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ, ಆಚಾರ್ರು ಕೊರೆದಿದ್ದ ಪೆನ್ಸಿಲ್ ಗಾತ್ರದ ಆ ತೂತಿನಿಂದ ಒಂದು ಹನಿ, ಅದರ ಹಿಂದೆ ಇನ್ನೊಂದು ಹನಿ ಹೊರಬಿದ್ದವು. ನಾಲ್ಕು ಕಾಲುಗಳಲ್ಲೂ ಹಾಗೆಯೇ. ನಾನು ಅಲ್ಲೇ ಕೂತು ಎಲ್ಲ ತೂತುಗಳನ್ನೂ ಎಣಿಸಿದೆ.

ಮೂರು ಮಳೆಗಾಲ ಕಳೆದಿವೆ. ಎರಡು ಕಡೆ ತೊಂದರೆಯಾಗಿದೆ. ಎರಡನೆಯ ವರ್ಷ ಬೆಂಚಿನ ಒಂದು ಕಾಲಿನ ಸುತ್ತ ಗುಡಿಸಿದ ತರಗೆಲೆಯ ರಾಶಿಯನ್ನು ತೆಗೆಯದೆ ಬಿಟ್ಟಿದ್ದೆ. ಆ ರಾಶಿಯೊಳಗಿನಿಂದಲೇ ಗೆದ್ದಲು ಕಲ್ಲು ದಾಟಿ ಕಾಲಿಗೆ ತಲುಪಿತ್ತು. ಸಕಾಲಕ್ಕೆ ಕಂಡಿದ್ದರಿಂದ ಮಣ್ಣಿನ ದಾರಿಯನ್ನು ಕೆರೆದು, ಮತ್ತೊಮ್ಮೆ ಗೇರೆಣ್ಣೆ ಬಳಿದದ್ದಕ್ಕೆ ಮುಗಿಯಿತು. ಇನ್ನೊಂದು, ಶೀಟಿನ ಕೆಳಗಿನ ಬೆಂಚಿನಲ್ಲಿ. ಮಳೆ ಬೀಳದ ಜಾಗವಾದ್ದರಿಂದ ಅಲ್ಲಿ ಏನೂ ಆಗದೆಂದು ನಿಶ್ಚಿಂತೆಯಿಂದಿದ್ದೆ. ಆದರೆ ಜೇಡ್ ಗಿಡದ ಕುಂಡಕ್ಕೆ ಕಾಲುಗಳಿರಲಿಲ್ಲ. ಅದರ ಸಪಾಟಾದ ತಳ ಪಟ್ಟಿಯ ಮೇಲೆ ಅಂಟಿ ಕೂತು, ಸೋರಿದ ನೀರು ಒಣಗಲು ಎಡೆಯಿಲ್ಲದೆ, ಕುಂಡದ ಅಚ್ಚಿನಷ್ಟೇ ಜಾಗದಲ್ಲಿ ಮರ ಮೆತ್ತಗಾಗಿ ಬಿಳಿ ಬೂಷ್ಟು ಹಿಡಿದಿತ್ತು. ಬಯಲಿನ ಮಳೆಯಲ್ಲಿದ್ದ ಬೆಂಚು ಗಟ್ಟಿಯಾಗಿದ್ದು, ಮಾಡಿನ ಕೆಳಗಿನದ್ದು ಕೊಳೆತದ್ದನ್ನು ನೋಡಿ ಆಚಾರ್ರು ಏನೂ ಹೇಳಲಿಲ್ಲ, ಕುಂಡದ ತಳವನ್ನು ತೋರಿಸಿದರು ಅಷ್ಟೇ.

ಕಳೆದ ತಿಂಗಳು ಆ ಪಟ್ಟಿಯನ್ನು ಬದಲಾಯಿಸಿದೆವು. ನಾಲ್ಕು ಸ್ಕ್ರೂಗಳೂ ತುಕ್ಕಿಲ್ಲದೆ, ಕೂರಿಸಿದ ದಿನದಂತೆಯೇ ತಿರುಗಿ ಹೊರಬಂದವು. ಅಟ್ಟದಲ್ಲಿ ಉಳಿದಿದ್ದ ಪಕ್ಕಾಸಿನ ತುಂಡಿನಿಂದ ಹೊಸ ಪಟ್ಟಿ ಸೀಳಿ, ಅಗಸೆ ಎಣ್ಣೆ ಬಳಿದು, ಹಳೆಯ ತೂತುಗಳಿಗೇ ಸರಿಯಾಗಿ ಕೂರಿಸಿದರು. ಸೀಳುವಾಗ ಮಿಕ್ಕ ಕಾಲು ಅಂಗುಲದ ಎರಡು ಚೂರುಗಳನ್ನು ಜೇಡ್ ಕುಂಡದ ಅಡಿಗೆ ಇಟ್ಟಿದ್ದೇನೆ. ಕುಂಡದ ಕೆಳಗೆ ಈಗ ಗಾಳಿಯಾಡುತ್ತದೆ. ಹೊಸ ಪಟ್ಟಿ ಮಾತ್ರ ಸುತ್ತಲಿನ ಬೂದು ಬಣ್ಣದ ನಡುವೆ ಇನ್ನೂ ಅರಸಿನದ ಹಳದಿಯಾಗಿಯೇ ಇದೆ.